ಬಳಿಯುವವನೇ ಗೋಡೆಯೊಡೆಯ?

ನೋಟಿಸ್ ಅಂಟಿಸಿದ್ದಾರೆ. ಅದೂ ಎಲ್ಲಿ? ನಾವು ಗೋಡೆಯಲ್ಲಿ ಬರೆದ ಬಣ್ಣದ ವೇಷದ, ಅಂದರೆ ಯಕ್ಷಗಾನದ ರಕ್ಕಸನ, ಮೂಗಿನ ಮೇಲೆ. ಮಂಗಳೂರಿನ ಬೋಳಾರದಲ್ಲಿ ಹೊಳೆ ಬದಿಯ ಪಾಳು ಗೋದಾಮೊಂದನ್ನು ಹೊಕ್ಕು ನಾವು ಕೆಲವರು ಚಿತ್ರ ಬರೆಯುತ್ತಿದ್ದೇವೆ, ಅದನ್ನು ಬಿಡಿಸಲಿಕ್ಕೆ ಈ ನೋಟಿಸು. ಒಂದು ವಾರದಿಂದ ವಾಟ್ಸಪ್ಪಿನಲ್ಲಿ ತಿರುಗುತ್ತಿರುವುದು ಅದೇ ಫೋಟೊ. ಪಾಪ, ಆ ರಕ್ಕಸ ಮೂಗಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯಿಂದ ಬಂದವನ ಹಾಗೆ ಕಾಣುತ್ತಾನೆ. ಅವನ ಮುಖಕ್ಕೆ ಚುಟ್ಟಿ, ಅಂದರೆ ಬಿಳಿ ಚುಕ್ಕೆಗಳನ್ನು, ಇಡಲಿಕ್ಕೇ ಹುಡುಗರಿಗೆ ಎರಡು ದಿನ ಹಿಡಿದಿತ್ತು. ಗೋಡೆಯಲ್ಲಿ ಬೇರೆ ಜಾಗ ಇರಲಿಲ್ಲವೇ? ಬೇಕಾದಷ್ಟಿತ್ತು. ಸರಕಾರಿ ಗೋಂದಿಗೆ ಚಿತ್ರದ ಮೇಲೆ ಮಾತ್ರ ಹಿಡಿತ ಬರುವುದೋ ಏನೋ.

ನೋಟಿಸಿನ ಭಾಷೆಗೆ ಮಾತ್ರ ಶಾಲು ಹೊದೆಸಬೇಕು. "ಸದರಿ ಕಟ್ಟಡಕ್ಕೆ ಅನಧಿಕೃತವಾಗಿ ಪ್ರವೇಶಿಸಿ ಚಿತ್ರಕಲೆ ಇತ್ಯಾದಿ ಚಟುವಟಿಕೆ ನಡೆಸುತ್ತಿರುವುದು ಗಮನಕ್ಕೆ ಬಂದಿರುತ್ತದೆ." ಈ "ಇತ್ಯಾದಿ"ಯೊಳಗೆ ಏನೆಲ್ಲ ಹಿಡಿಸುತ್ತದೆಂದು ಒಂದು ಸಂಜೆ ಕೂತು ಲೆಕ್ಕ ಹಾಕಿದೆವು. ಬೀಡಿ ಕಟ್ಟುವ ಅಕ್ಕ ಒಬ್ಬರು ಎಲೆ ಕತ್ತರಿಸುವ ಕತ್ತರಿಯಲ್ಲೇ ಹಳೆ ಪೇಪರು ಕತ್ತರಿಸಿ ಇಡೀ ಮೀನು ಮಾರ್ಕೆಟ್ಟನ್ನು ಗೋಡೆಗೆ ಹತ್ತಿಸಿದ್ದು ಇತ್ಯಾದಿ. ಬೋಟಿಗೆ ಹೋಗುವ ಹುಡುಗರು ಹರಿದ ಬಲೆಯಲ್ಲಿ ಮಾಡಿದ ತಿಮಿಂಗಿಲ ಇತ್ಯಾದಿ. ಹುಲಿವೇಷಕ್ಕೆ ಬಣ್ಣ ಹಚ್ಚುವವರು ದಸರಾ ಮುಗಿದ ಮೇಲೆ ಮಕ್ಕಳಿಗೆ ಪಟ್ಟೆ ಎಳೆಯಲು ಕಲಿಸಿದ್ದು ಇತ್ಯಾದಿ. ನಾನು ಬರೆದ ಎರಡು ಕ್ಯಾನ್ವಾಸು ಮಳೆಗಾಲದಲ್ಲಿ ಬೂಷ್ಟು ಹಿಡಿದು, ಹಿಡಿದ ನಂತರವೇ ಸ್ವಲ್ಪ ನೋಡುವ ಹಾಗಾದವು. ಅವು ಇತ್ಯಾದಿಯಲ್ಲೂ ಸೇರುವುದಿಲ್ಲ, ಬಿಡಿ.

ನಿಜವಾದ ಕವಿತ್ವ ಇರುವುದು "ಗಮನಕ್ಕೆ ಬಂದಿರುತ್ತದೆ" ಎನ್ನುವಲ್ಲಿ. ಆ ಗೋದಾಮು ಎಷ್ಟೋ ವರ್ಷ ಹಾಳುಬಿದ್ದಿತ್ತು. ಮಾಡಿನ ಹಂಚು ಜಾರಿತು, ಗಮನಕ್ಕೆ ಬರಲಿಲ್ಲ. ಮಾಡಿನ ಮರ, ಪಕ್ಕಾಸು, ರೀಪು ಒಂದೊಂದಾಗಿ ಯಾರದೋ ಬಚ್ಚಲ ಒಲೆಗೆ ಹೋದವು, ಬರಲಿಲ್ಲ. ಗೋಡೆಯೊಳಗಿಂದ ಅಶ್ವತ್ಥ ಹುಟ್ಟಿ ನೆರಳು ಕೊಡುವಷ್ಟಾಯಿತು. ರಾತ್ರಿ ಬಾಟಲಿಗಳ ಸಭೆ ನಡೆಯುತ್ತಿತ್ತು, ಆ ಸಭೆಗೆ ಕೋರಂ ಯಾವತ್ತೂ ಕಮ್ಮಿಯಾದದ್ದಿಲ್ಲ. ನಾವು ಹೋಗಿ ಮಾಡಿದ್ದು ಇಷ್ಟೇ: ಗುಡಿಸಿದೆವು, ಬಾಟಲಿ ಹೊತ್ತು ಹಾಕಿದೆವು, ಒಂದು ಬಲ್ಬು ನೇತಾಡಿಸಿದೆವು. ಗಮನಕ್ಕೆ ಬಂದೇಬಿಟ್ಟಿತು ಮಾರಾಯ್ರೆ! ಆಡಳಿತವನ್ನು ಎಬ್ಬಿಸಲಿಕ್ಕೆ ಒಂದು ಹಿಡಿಸೂಡಿ ಸಾಕೆಂದು ಮೊದಲೇ ತಿಳಿದಿದ್ದರೆ ಪಕ್ಕದ ಚರಂಡಿಯನ್ನೂ ಗುಡಿಸುತ್ತಿದ್ದೆವು.

ಹಂಚಿನ ಸುದ್ದಿ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆಮೇಲೆ ನೇತ್ರಾವತಿಯ ದಂಡೆಯುದ್ದಕ್ಕೂ ಚಿಮಿಣಿಗಳೆದ್ದವು, ಮಂಗಳೂರು ಹಂಚು ಹಡಗು ಹತ್ತಿ ಆಫ್ರಿಕಾಕ್ಕೂ ಆಸ್ಟ್ರೇಲಿಯಕ್ಕೂ ಹೋಯಿತು. ಈಗ ಚಿಮಿಣಿಗಳಿದ್ದಲ್ಲಿ ಅಪಾರ್ಟ್‌ಮೆಂಟು. ಅವಕ್ಕೆ ಕಾಂಕ್ರೀಟ್ ತಾರಸಿ. ತಾರಸಿ ನಾಲ್ಕು ಮಳೆಗಾಲಕ್ಕೆ ಸೋರುತ್ತದೆ, ಸೋರಿದ ತಾರಸಿಯ ಮೇಲೆ ತಗಡಿನ ಶೀಟು ಬರುತ್ತದೆ, ಆ ಶೀಟಿಗೆ ಹಂಚಿನದೇ ಬಣ್ಣ, ಹಂಚಿನದೇ ಅಚ್ಚು! ಪರದೇಶಕ್ಕೆಲ್ಲ ಮಾಡು ಹೊದೆಸಿದ ಊರು ತನ್ನ ತಲೆಗೆ ಹಂಚಿನ ಛದ್ಮವೇಷ ಹಾಕಿಕೊಂಡು ಕೂತಿದೆ. ಇದನ್ನೇ ನಾವು ಇನ್‌ಸ್ಟಲೇಶನ್, ಅಂದರೆ ಸಾಮಾನು ಜೋಡಿಸಿಟ್ಟ ಕಲಾಕೃತಿ, ಅಂತ ಗೋದಾಮಿನಲ್ಲಿ ಇಟ್ಟಿದ್ದರೆ "ಎಂತ ಇದು, ಮಂಡೆಗೆ ಹೋಗುವುದಿಲ್ಲ" ಅನ್ನುತ್ತಿದ್ದಿರಿ.

ಇನ್‌ಸ್ಟಲೇಶನ್ ಎಂದರೆ ಹಂಪನಕಟ್ಟೆಯದು. ಹಳೆ ಬಸ್‌ಸ್ಟ್ಯಾಂಡಿನಲ್ಲಿ ಬಹುಮಹಡಿ ಪಾರ್ಕಿಂಗಿಗೆಂದು ತೋಡಿದ ಹೊಂಡ ವರ್ಷಗಟ್ಟಲೆ ಪ್ರದರ್ಶನದಲ್ಲಿತ್ತು. ವೀಕ್ಷಣೆ ಉಚಿತ, ಮಳೆಗಾಲದಲ್ಲಿ ನೀರಿನ ವಿಶೇಷ ಆವೃತ್ತಿ. ಹತ್ತು ವರ್ಷ ನಡೆದ ಪಂಪ್‌ವೆಲ್ ಫ್ಲೈಓವರೆಂಬ ಅಖಂಡ ಬಯಲಾಟ 2020ರ ಜನವರಿ 31ರಂದು ಮಂಗಳ ಹಾಡಿದಾಗ ಟ್ರೋಲ್ ಪೇಜಿನ ಹುಡುಗರಿಗೆ ಕೆಲಸವೇ ಹೋಯಿತು. ಇಂಥ ಕಲಾಪೋಷಕ ನಗರದಲ್ಲಿ ನಮಗೆ ನೋಟಿಸು!

ಇನ್ನು, ಅತಿಕ್ರಮಣ ಎಂದರೇನೆಂದು ಈ ಜಿಲ್ಲೆಯವರಿಗೆ ಕಲಿಸುವುದೇ? ನಮ್ಮಲ್ಲಿ ವರ್ಗ ಜಾಗ, ಅಂದರೆ ಸ್ವಂತ ಹಕ್ಕಿನ ಜಮೀನು, ಉಂಟು, ಅದರ ಸುತ್ತ ನೂರು ಗಜದವರೆಗೆ ಕುಮ್ಕಿ ಉಂಟು. ಕುಮ್ಕಿ ಸರಕಾರದ್ದು, ಸೊಪ್ಪು ನಮ್ಮದು. ಸೊಪ್ಪಿನ ನಡುವೆ ಅಡಿಕೆ ಸಸಿ ಎಲ್ಲಿಂದ ಬಂತೆಂದು ಸಸಿಯನ್ನೇ ಕೇಳಬೇಕು. ಅದು ಫಲ ಕೊಡುವಷ್ಟರಲ್ಲಿ ಅಕ್ರಮ-ಸಕ್ರಮದ ಅರ್ಜಿ ತಯಾರು. ಅದಕ್ಕೂ ಹಿಂದೆ, 1974ರಲ್ಲಿ ಭೂಸುಧಾರಣೆ ಬಂದಾಗ, ನನ್ನಜ್ಜನೂ ಗೇಣಿದಾರನ ಅರ್ಜಿ, ಡಿಕ್ಲರೇಶನ್, ಹಾಕಿದವನೇ. ಚಾಲಗೇಣಿಯ ಗದ್ದೆ ಸ್ವಂತದ್ದಾಯಿತು, ಅದರ ಬಲದಿಂದ ಮೊಮ್ಮಗ ಕ್ಯಾನ್ವಾಸು ಹಾಳು ಮಾಡುವಷ್ಟು ಓದಿದ. ಆ ಋಣಕ್ಕೆ ನಾವೂ ಒಂದು ಅರ್ಜಿ ಗೀಚಿದೆವು: ಉಳುವವನೇ ಹೊಲದೊಡೆಯನಾದರೆ ಬಳಿಯುವವನೇ ಗೋಡೆಯೊಡೆಯ. ಕಚೇರಿಯವರು ಓದಿ ನಗಲೂ ಇಲ್ಲ. ಹನ್ನೆರಡನೇ ನಂಬರಿನ ಕಿಟಕಿ ತೋರಿಸಿದರು, ಉದ್ದಿಮೆ ಪರವಾನಗಿಗೆ.

ಆ ಕಿಟಕಿಯ ಪಟ್ಟಿಯಲ್ಲಿ ಕೋಳಿ ಅಂಗಡಿ ಉಂಟು, ಬ್ಯೂಟಿ ಪಾರ್ಲರ್ ಉಂಟು, ಹಿಟ್ಟಿನ ಗಿರಣಿ ಉಂಟು. ಚಿತ್ರ ಬಿಡಿಸುವುದು ಇಲ್ಲ.

"ಫ್ಯಾನ್ಸಿ ಸ್ಟೋರ್ ಅಂತ ಹಾಕಲಾ?"

"ನಾವು ಏನೂ ಮಾರುವುದಿಲ್ಲ."

"ಮಾರದಿದ್ದರೆ ಮತ್ತೆ ಬಾಗಿಲು ತೆರೆಯುವುದು ಯಾಕೆ?"

ಮನೆಯಲ್ಲೂ ಇದೇ ಪ್ರಶ್ನೆ ಬಾಕಿ ಉಂಟು, ಹಾಗಾಗಿ ಸುಮ್ಮನಾದೆ. ಕೊನೆಗೆ "ಬಣ್ಣ ದಾಸ್ತಾನು" ಎಂದಾಯಿತು. ದಾಸ್ತಾನು ಎಂದ ಮೇಲೆ ಟರ್ಪೆಂಟೈನ್, ಟರ್ಪೆಂಟೈನ್ ಎಂದ ಮೇಲೆ ಅಗ್ನಿಶಾಮಕದವರ ಆಕ್ಷೇಪವಿಲ್ಲವೆಂಬ ಪತ್ರ, ಎನ್‌ಒಸಿ, ಎನ್‌ಒಸಿಗೆ ಮಾಲೀಕರ ಸಹಿ. ಮಾಲೀಕರು ಯಾರು? ಒಂದು ಇಲಾಖೆ "ನಮ್ಮದಲ್ಲ" ಎಂದು ಲಿಖಿತವಾಗಿ ಕೊಟ್ಟಿತು. ಇನ್ನೊಂದು ಇಲಾಖೆ ಆ ಪತ್ರದ ಜೆರಾಕ್ಸಿನ ಮೇಲೆಯೇ "ನಮ್ಮದೂ ಅಲ್ಲ" ಎಂದು ಷರಾ ಬರೆಯಿತು. ನೋಟಿಸ್ ಅಂಟಿಸಿದ್ದು ಮೂರನೆಯವರು. ನೂರಿಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಇಟಲಿಯ ಚಿತ್ರಕಾರ ಆಂಟೋನಿಯೋ ಮೊಸ್ಕೇನಿ ಮಂಗಳೂರಿಗೆ ಬಂದು ಅಲೋಶಿಯಸ್ ಚಾಪೆಲಿನ ಗೋಡೆ, ಒಳಮಾಡು ಎಲ್ಲ ಚಿತ್ರ ತುಂಬಿಸಿದರಲ್ಲ, ಅವರೇನಾದರೂ ಈ ಕಿಟಕಿಯೆದುರು ನಿಂತಿದ್ದರೆ ಮೊದಲ ದೇವದೂತನಿಗೆ ರೆಕ್ಕೆ ಮೂಡುವ ಮುಂಚೆ ತಿರುಗಿ ಹಡಗು ಹತ್ತುತ್ತಿದ್ದರು.

ಹೊರದೇಶದಲ್ಲಿ ನಮ್ಮಂಥ ಪಿರ್ಕಿಗಳನ್ನು, ಅಂದರೆ ಮರುಳರನ್ನು, ಏನು ಮಾಡುತ್ತಾರೆ ಎಂದು ಕೆಲವರು ಕೇಳಿದರು. ಪ್ಯಾರಿಸ್ಸಿನ ರಿವೊಲಿ ಬೀದಿಯ 59ನೇ ನಂಬರಿನ ಕಟ್ಟಡ ಬ್ಯಾಂಕಿನವರು ಬಿಟ್ಟುಹೋಗಿ ಪಾಳುಬಿದ್ದಿತ್ತು. 1999ರ ನವೆಂಬರ್ 1ರಂದು ಮೂವರು ಕಲಾವಿದರು ಹೊಕ್ಕು, ಸತ್ತ ಪಾರಿವಾಳಗಳನ್ನು ಎತ್ತಿಹಾಕಿ, ಊರವರನ್ನು ಒಳಗೆ ಕರೆದರು. ಅವರನ್ನೂ ಎಬ್ಬಿಸಲು ಕೋರ್ಟಿಗೆ ಹೋದರು. ಕಡೆಗೆ ನಗರಾಡಳಿತವೇ ಕಟ್ಟಡ ಕೊಂಡು, ರಿಪೇರಿ ಮಾಡಿಸಿ, 2009ರಲ್ಲಿ ಅವರಿಗೇ ತೆರೆದುಕೊಟ್ಟಿತು. ನ್ಯೂಯಾರ್ಕಿನಲ್ಲಿ 1980ರ ಹೊಸವರ್ಷದ ದಿನ ನಗರಾಡಳಿತದ ಖಾಲಿ ಕಟ್ಟಡವೊಂದರಲ್ಲಿ ಕಲಾವಿದರು ನುಗ್ಗಿ ಪ್ರದರ್ಶನ ಹಾಕಿದರು. ಮರುದಿನವೇ ಬೀಗ. ಗದ್ದಲ ಎದ್ದ ಮೇಲೆ ಬೇರೊಂದು ಕಟ್ಟಡ ಕೊಟ್ಟರು, ಅದೇ ಎಬಿಸಿ ನೋ ರಿಯೊ. 2006ರಲ್ಲಿ ಅದನ್ನು ಅವರಿಗೇ ಮಾರಿದರು, ಒಂದು ಡಾಲರಿಗೆ. ಎಲ್ಲ ಕಡೆ ಹೀಗೆ ಸುಖಾಂತ್ಯ ಅಂತಲ್ಲ, ಬರ್ಲಿನ್ನಿನ ಟಾಖೆಲೆಸ್ ಎಂಬ ಕಟ್ಟಡದಲ್ಲಿ 1990ರಿಂದ ಇದ್ದ ಕಲಾವಿದರನ್ನು 2012ರಲ್ಲಿ ಹೊರಹಾಕಿದರು. ಆದರೂ ಒಂದು ಡಾಲರಿನ ಕಥೆಯನ್ನು ನಾನು ಕಿಟಕಿಯಲ್ಲಿ ಹೇಳಿದೆ. "ಅದಕ್ಕೆ ಸ್ಟಾಂಪ್ ಡ್ಯೂಟಿ ಎಷ್ಟು ಕಟ್ಟಿದರು?" ಎಂದು ಕೇಳಿದರು.

ಚಿತ್ರ ಎಂದರೆ ಇವರಿಗೆ ಅಲರ್ಜಿ ಎಂದುಕೊಳ್ಳಬೇಡಿ. ಟೆಂಡರ್ ಕರೆದರೆ ಎಲ್ಲಿಲ್ಲದ ಪ್ರೀತಿ. ಊರಿನ ಕಂಬ, ಕಾಂಪೌಂಡುಗಳನ್ನು ನೋಡಿ: ಒಂದು ಯಕ್ಷಗಾನದ ಮುಖ, ಒಂದು ಕಂಬಳದ ಕೋಣ, ಒಂದು ಹುಲಿ, ಒಂದು ಮೀನು, ಮತ್ತೆ ಮೊದಲಿನಿಂದ ಯಕ್ಷಗಾನದ ಮುಖ. ಚದರಡಿಗಿಷ್ಟು ಎಂದು ರೇಟು, ಕೋಣದ ಬಾಲ ಎಷ್ಟು ಚದರಡಿ ಎಂದು ಅಳತೆ ಪುಸ್ತಕದಲ್ಲಿ, ಎಂ-ಬುಕ್ಕಿನಲ್ಲಿ, ದಾಖಲು. ಅಲ್ಲಿ ಬರೆದ ಬಣ್ಣದ ವೇಷ ಕರಾವಳಿಯ ಸಂಸ್ಕೃತಿ. ಬೋಳಾರದಲ್ಲಿ ಬರೆದದ್ದು ಇತ್ಯಾದಿ.

ಸಾಕು ತಮಾಷೆ. ನನಗೆ ಬೊಡಿದು, ಸಾಕಾಗಿ ಹೋಗಿದೆ. ಆ ಬೀಡಿ ಅಕ್ಕನ ಮನೆಯಲ್ಲಿ ಒಂದು ಮೇಜು ಹಾಕಲು ಜಾಗವಿಲ್ಲ. ಅವರ ಮಗಳ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಿಲ್ಲ, ಹುದ್ದೆ ಖಾಲಿ. ಹುದ್ದೆಯೂ ಖಾಲಿ, ಕಟ್ಟಡವೂ ಖಾಲಿ, ಎರಡನ್ನೂ ಖಾಲಿಯಾಗಿಯೇ ಕಾಯಲಿಕ್ಕೆ ಮಾತ್ರ ಆಳುಗಳಿದ್ದಾರೆ. ಸೋರಲಿ ಎಂದು ಬಿಡುತ್ತಾರೆ, ಗೋಡೆ ಬೀಳಲಿ ಎಂದು ಕಾಯುತ್ತಾರೆ, ಬಿದ್ದ ಮೇಲೆ "ಶಿಥಿಲ" ಎಂದು ಸರ್ಟಿಫಿಕೇಟು ಬರೆಯುತ್ತಾರೆ, ಆಮೇಲೆ ಅಲ್ಲಿ ಯಾರದೋ ಕಾರು ನಿಲ್ಲುತ್ತದೆ. ಇದು ಮರೆವು ಎಂದು ಇಷ್ಟು ದಿನ ನಂಬಿದ್ದೆ. ಈಗ ನಂಬುವುದಿಲ್ಲ. ಹಾಗಲ್ಲ ಎಂದು ವಾದಿಸುವವರ ಜೊತೆ ಕೂತು ಮಾತಾಡುವ ತಾಳ್ಮೆಯೂ ಇಲ್ಲ.

ಮೊನ್ನೆ ಮಂಗಳವಾರ ಸೀಲ್ ಮಾಡಿದರು. ಮುಂದಿನ ಬಾಗಿಲಿಗೆ ದೊಡ್ಡ ಬೀಗ, ಬೀಗಕ್ಕೆ ಬಟ್ಟೆ, ಬಟ್ಟೆಗೆ ಅರಗು, ಫೋಟೊ, ಪಂಚನಾಮೆ, ಸಾಕ್ಷಿಗಳ ಸಹಿ ಎಲ್ಲ ಕ್ರಮಪ್ರಕಾರ ಆಯಿತು. ಕಟ್ಟಡದ ಹಿಂದಿನ ಗೋಡೆ ಎರಡು ಮಳೆಗಾಲದ ಹಿಂದೆಯೇ ಬಿದ್ದಿರುವುದು ಯಾರ ಗಮನಕ್ಕೂ ಬಂದಿಲ್ಲ. ಬಂದವರು ಸಾಯಂಕಾಲ ಜೀಪು ಹತ್ತುವ ಹೊತ್ತಿಗೆ ಮಕ್ಕಳು ಒಳಗೆ ಪಟ್ಟೆ ಎಳೆಯುತ್ತಿದ್ದರು. ಶನಿವಾರ ಮೂರು ಗಂಟೆಗೆ ಪ್ರದರ್ಶನ ಉಂಟು, ಬನ್ನಿ. ಹೊಳೆ ಬದಿಯಿಂದ. ಕೆಸರುಂಟು, ಚಪ್ಪಲಿ ಜಾಗ್ರತೆ.