ಬ್ಯಾಡಗಿ ಮೆಣಸಿನಕಾಯಿಯ ದರ್ಜೆಯನ್ನು ಎಐ ಹೇಳಬೇಕೇ?

ಹಾವೇರಿ ಜಿಲ್ಲೆಯ ಬ್ಯಾಡಗಿ ಎಪಿಎಂಸಿಗೆ ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಜಾಸ್ತಿ ಚೀಲ ಮೆಣಸಿನಕಾಯಿ ಬರುವುದುಂಟು. ಖರೀದಿದಾರರು ಲಾಟ್‌ನಿಂದ ಲಾಟ್‌ಗೆ ನಡೆದು, ಕಾಯಿ ನೋಡಿ, ಇ-ಟೆಂಡರ್‌ನಲ್ಲಿ ದರ ಹಾಕುತ್ತಾರೆ. ಟೆಂಡರ್‌ಗೆ ಮೊದಲೇ ಕ್ಯಾಮೆರಾ ಮತ್ತು ನ್ಯೂರಲ್ ನೆಟ್‌ವರ್ಕ್ (ಫೋಟೋ ನೋಡಿ ಕಲಿಯುವ ಎಐ ತಂತ್ರಾಂಶ) ಸೇರಿ ಪ್ರತಿ ಲಾಟ್‌ಗೆ ದರ್ಜೆ ಕೊಟ್ಟರೆ ಒಳ್ಳೆಯದೇ? ಎರಡೂ ಕಡೆಯ ಮಾತು ಇಲ್ಲಿದೆ.

ಪರ: ರೈತನ ಕೈಗೂ ಒಂದು ನಂಬರ್ ಬರಲಿ

ನಮ್ಮ ಕಡೆ ಮೆಣಸಿನಕಾಯಿ ಬೆಳೆಯುವವರಿಗೆ ಬೀಜದಿಂದ ಹಿಡಿದು ಕಣದಲ್ಲಿ ಒಣಗಿಸುವ ತನಕ ಎಲ್ಲ ಖರ್ಚಿನ ಲೆಕ್ಕ ಬಾಯಿಪಾಠ. ಆದರೆ ತಮ್ಮ ಮಾಲಿಗೆ ಮಾರುಕಟ್ಟೆ ಯಾವ ದರ್ಜೆ ಕೊಡುತ್ತದೆ ಅನ್ನುವುದು ಮಾತ್ರ ಕೊನೆಯ ಗಳಿಗೆಯ ತನಕ ಗೊತ್ತಿರುವುದಿಲ್ಲ. ಕುಂದಗೋಳದಿಂದಲೋ ಗದಗ ಕಡೆಯಿಂದಲೋ ರಾತ್ರಿ ಚೀಲ ಹೇರಿಕೊಂಡು ಬಂದು, ದಲಾಲಿ ಅಂಗಡಿ ಮುಂದೆ ಇಳಿಸಿ, ಟೆಂಡರ್ ತೆರೆದ ಮೇಲೆ ಅದು ತಿಳಿಯುತ್ತದೆ. ಅಷ್ಟರಲ್ಲಿ ಗಾಡಿ ಬಾಡಿಗೆ, ಹಮಾಲಿ ಎರಡೂ ಕೊಟ್ಟಾಗಿರುತ್ತದೆ. ದರ ಒಪ್ಪದಿದ್ದರೆ ಬಿಡುವ ಹಕ್ಕು ರೈತನಿಗಿದೆ, ನಿಜ. ಬಿಟ್ಟು ಎಲ್ಲಿಗೆ ಹೋಗಬೇಕು? ಕೋಲ್ಡ್ ಸ್ಟೋರೇಜ್‌ಗೆ ಹಾಕಿದರೆ ಅದರ ಬಾಡಿಗೆ, ಮನೆಗೆ ಒಯ್ದರೆ ಮತ್ತೆ ಗಾಡಿ ಖರ್ಚು.

ದರ್ಜೆ ನೋಡುವ ಕಣ್ಣು ಪೂರ್ತಿ ಕೊಳ್ಳುವವರ ಕಡೆಯದ್ದು. ಟೆಂಡರ್ ದಿನ ಅಂಗಡಿ ಸಾಲಿನಲ್ಲಿ ನಿಂತು ನೋಡಿ. ಖರೀದಿದಾರರು ಚೀಲದ ಬಾಯಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಒಂದು ಕಾಯಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಮುರಿಯುತ್ತಾರೆ, ಮೂಸುತ್ತಾರೆ. ಲಾಟ್ ನಂಬರ್ ಮುಂದೆ ಏನೋ ಗೀಚಿಕೊಂಡು ಮುಂದಿನ ರಾಶಿಗೆ ಹೋಗುತ್ತಾರೆ. ಅವರು ಪಳಗಿದವರು, ಅದರಲ್ಲಿ ಅನುಮಾನವಿಲ್ಲ. ಆದರೆ ಬಿಸಿಲೇರಿದ ಮೇಲೆ, ನೂರಾರು ಲಾಟ್ ನೋಡಿ ದಣಿದ ಕಣ್ಣಿಗೆ ಕೊನೆಯ ಸಾಲಿನ ಕಾಯಿ ಮೊದಲ ಸಾಲಿನ ಕಾಯಿಯಷ್ಟೇ ಕೆಂಪಾಗಿ ಕಾಣುತ್ತದೆಯೇ? ಚೀಲದ ಬಾಯಲ್ಲಿದ್ದ ಆ ಒಂದು ಹಿಡಿ, ಅಡಿಯಲ್ಲಿರುವ ಮಾಲಿನ ಗುಣವನ್ನು ಸರಿಯಾಗಿ ಹೇಳುತ್ತದೆಯೇ?

ನ್ಯೂರಲ್ ನೆಟ್‌ವರ್ಕ್ ಅಂದರೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ವಿಜ್ಞಾನಿ ಫ್ರಾಂಕ್ ರೋಸೆನ್‌ಬ್ಲಾಟ್ ಪರ್ಸೆಪ್ಟ್ರಾನ್ ಎಂಬ ಅದರ ಆರಂಭದ ರೂಪದ ಬಗ್ಗೆ ಬರೆದದ್ದು 1958ರಲ್ಲಿ. ಇದು ನಡೆಯುವ ರೀತಿ ಸರಳವಾಗಿದೆ. ಫೋಟೋದ ಪ್ರತಿ ಚುಕ್ಕಿಯೂ ಒಂದು ಸಂಖ್ಯೆ. ಆ ಸಂಖ್ಯೆಗಳು ಪದರದಿಂದ ಪದರಕ್ಕೆ ಹೋಗುವಾಗ ಬೇರೆ ಬೇರೆ ತೂಕಗಳಿಂದ ಗುಣಿಸಿಕೊಂಡು, ಕೊನೆಗೆ ಒಂದು ಉತ್ತರವಾಗಿ ಹೊರಬರುತ್ತವೆ. ಉತ್ತರ ತಪ್ಪಿದರೆ, ಎಷ್ಟು ತಪ್ಪಿತು ಅನ್ನುವುದನ್ನು ಹಿಂದಕ್ಕೆ ಕಳಿಸಿ ಪ್ರತಿ ತೂಕವನ್ನೂ ಚೂರು ಚೂರು ತಿದ್ದುತ್ತಾರೆ. ಈ ಹಿಂದಕ್ಕೆ ತಿದ್ದುವ ವಿಧಾನ ಜನಪ್ರಿಯವಾದದ್ದು ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಅವರ 1986ರ ಲೇಖನದಿಂದ. 2012ರಲ್ಲಿ ಅಲೆಕ್ಸ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಸುಮಾರು 12 ಲಕ್ಷ ಫೋಟೋಗಳಿಂದ ಕಲಿತು 1000 ಬಗೆಯ ವಸ್ತುಗಳನ್ನು ಗುರುತಿಸಿ ಆ ವರ್ಷದ ಸ್ಪರ್ಧೆಯಲ್ಲಿ ಉಳಿದೆಲ್ಲ ಪ್ರಯತ್ನಗಳನ್ನು ಬಹಳ ಹಿಂದೆ ಹಾಕಿತು. ಇದೇ ಹಿಂಟನ್ ಅವರಿಗೆ 2024ರಲ್ಲಿ ಹಾಪ್‌ಫೀಲ್ಡ್ ಜೊತೆ ಭೌತಶಾಸ್ತ್ರದ ನೊಬೆಲ್ ಬಂತು. ಸಾವಿರ ಬಗೆ ಬೇರ್ಪಡಿಸುವ ಯಂತ್ರಕ್ಕೆ ಡಬ್ಬಿ (ಗಿಡ್ಡ, ದಪ್ಪ ಕಾಯಿ) ಯಾವುದು, ಕಡ್ಡಿ (ಉದ್ದ, ತೆಳ್ಳಗಿನ ಕಾಯಿ) ಯಾವುದು, ಬಿಳಿಚಿದ ಕಾಯಿ ಎಷ್ಟು, ಮುರುಕಲು ಎಷ್ಟು ಅಂತ ಎಣಿಸುವುದು ಆಗದ ಕೆಲಸವಲ್ಲ.

ಎಣಿಸುವುದು ಅಂದೆ. ನನ್ನ ಇಡೀ ವಾದ ನಿಂತಿರುವುದು ಆ ಕೆಲಸದ ಮೇಲೆ. ತಟ್ಟಿನ ಮೇಲೆ ಹರವಿದ ಪ್ರತಿ ಕಾಯಿಯನ್ನೂ ಯಂತ್ರ ನೋಡುತ್ತದೆ. ನೂರರಲ್ಲಿ ಇಷ್ಟು ಬಿಳಿ, ಇಷ್ಟಕ್ಕೆ ತೊಟ್ಟಿಲ್ಲ ಅಂತ ಬರೆದು ಕೊಡುತ್ತದೆ. ಹೆಸರುವಾಸಿ ದೊಡ್ಡ ರೈತನ ಲಾಟ್‌ಗೂ ಎರಡು ಎಕರೆಯ ಹೆಣ್ಣುಮಗಳ ಲಾಟ್‌ಗೂ ಅದೇ ಎಣಿಕೆ. ಅದೇ ತಂತ್ರಾಂಶ ಫೋನಿನಲ್ಲೂ ಇದ್ದರೆ, ಚೀಲ ತುಂಬುವ ಮೊದಲೇ ಹೊಲದಲ್ಲಿ ಫೋಟೋ ತೆಗೆದು ನೋಡಬಹುದು. ಬಿಳಿಕಾಯಿ ಆರಿಸಿ ಬೇರೆ ಮಾರಿದರೆ ಲಾಭವೋ, ಒಟ್ಟಿಗೆ ಕೊಟ್ಟರೆ ಲಾಭವೋ ಅಂತ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ಯಂತ್ರ ದರ ನಿಗದಿ ಮಾಡಲಿ ಅಂತ ನಾನು ಹೇಳುತ್ತಿಲ್ಲ. ದರ ಖರೀದಿದಾರರೇ ಹಾಕಲಿ. ಆದರೆ ಒಂದೇ ದರ್ಜೆಯ ಎರಡು ಲಾಟ್‌ಗೆ ಅಜಗಜಾಂತರ ದರ ಬಂದರೆ ರೈತ ಕಾಗದ ಹಿಡಿದು ಕೇಳಬೇಕು. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿಯಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚುವುದನ್ನು ಯಾರೂ ಒಪ್ಪಲಾರರು. ಅದೇ ಜನರ ಕೈಯಲ್ಲಿ, ನಿನ್ನೆ ಈ ದರ್ಜೆಗೆ ಇಷ್ಟು ಇತ್ತು, ಇವತ್ತು ಅದೇ ದರ್ಜೆಗೆ ಇಷ್ಟೇ ಅಂತ ತೋರಿಸುವ ದಾಖಲೆ ಇದ್ದಿದ್ದರೆ, ಅಧಿಕಾರಿಗಳೂ ವ್ಯಾಪಾರಿಗಳೂ ಅಲ್ಲೇ ನಿಂತು ಉತ್ತರ ಕೊಡಬೇಕಾಗುತ್ತಿತ್ತು.

ವಿರೋಧ: ಕ್ಯಾಮೆರಾ ಕಾಯಿ ಮುರಿದು ನೋಡುವುದಿಲ್ಲ

ಮೇಲೆ ಬರೆದವರ ಸಂಕಟ ನನ್ನದೂ ಹೌದು. ಗಾಡಿ ಇಳಿಸಿದ ಮೇಲೆ ರೈತನ ಕೈ ಕಟ್ಟಿಹೋಗುತ್ತದೆ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೇಳುತ್ತಿರುವ ಮದ್ದು ಈ ರೋಗಕ್ಕಲ್ಲ.

ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಖಾರ ಕಡಿಮೆ, ಮೈಯೆಲ್ಲ ನೆರಿಗೆ, ಒಳಗೆ ಬಣ್ಣ ಹೇರಳ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಎಣ್ಣೆ ತೆಗೆಯುವ ಕಾರ್ಖಾನೆಗಳು ಈ ಬಣ್ಣಕ್ಕಾಗಿ ಕೊಳ್ಳುತ್ತವೆ. ಅದು ತಿಂಡಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಈ ಬಣ್ಣವನ್ನು ಅಳೆಯುವ ಅಸ್ಟಾ (ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ) ವಿಧಾನದಲ್ಲಿ ಕಾಯಿಪುಡಿಯನ್ನು ಅಸಿಟೋನ್‌ನಲ್ಲಿ 16 ಗಂಟೆ ಕತ್ತಲಲ್ಲಿ ನೆನೆಸಿಡುತ್ತಾರೆ. ಆಮೇಲೆ ಆ ದ್ರಾವಣ 460 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡುತ್ತಾರೆ. ಫೋಟೋ ನೋಡುವುದು ಸಿಪ್ಪೆಯ ಮೇಲ್ಮೈಯನ್ನು ಮಾತ್ರ. ಮೇಲೆ ಕೆಂಪಗೆ ಹೊಳೆಯುವ ಕಾಯಿಯೆಲ್ಲ ಒಳಗೆ ಅಷ್ಟೇ ಬಣ್ಣ ಇಟ್ಟುಕೊಂಡಿರುವುದಿಲ್ಲ.

ಇನ್ನು ತೇವಾಂಶ. ಚೀಲ ತುಂಬುವಾಗ ಕಾಯಿ ಪುಡಿಯಾಗದಿರಲಿ ಅಂತ ನೀರು ಚಿಮುಕಿಸುವ ರೂಢಿ ಇದೆ. ನೀರು ಜಾಸ್ತಿಯಾದರೆ ಕಾಯಿಯ ಹೊಟ್ಟೆಯೊಳಗೆ ಬೂಷ್ಟು ಬರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಅದು ಕಿಲೋಗೆ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಯಾವ ಫೋನ್ ಕ್ಯಾಮೆರಾ ಅದನ್ನು ಕಂಡುಹಿಡಿದೀತು? ಪಳಗಿದ ಖರೀದಿದಾರ ಕಾಯಿ ಮುರಿಯುವುದು ಇದಕ್ಕೇ. ಚೆನ್ನಾಗಿ ಒಣಗಿದ ಕಾಯಿ ಪಟಕ್ಕನೆ ಮುರಿಯುತ್ತದೆ, ಬೀಜ ಗಲಗಲ ಅನ್ನುತ್ತದೆ. ತೇವದ ಕಾಯಿ ಬಾಗುತ್ತದೆ. ಅವರು ಮೂಸಿ ನೋಡುವುದೂ ಸುಮ್ನೆ ಅಲ್ಲ.

ಸರಿ, ಕಣ್ಣಿಗೆ ಕಾಣುವುದನ್ನಾದರೂ ಯಂತ್ರ ಸರಿಯಾಗಿ ಹೇಳುತ್ತದೆ ಅಂತ ಒಪ್ಪೋಣ. ಅದಕ್ಕೆ ಕಲಿಸುವವರು ಯಾರು? ಇದು ಒಂದನೇ ದರ್ಜೆ, ಇದು ಎರಡನೇ ದರ್ಜೆ ಅಂತ ಸಾವಿರಾರು ಫೋಟೋಗೆ ಚೀಟಿ ಅಂಟಿಸಬೇಕಲ್ಲ. ಆ ಚೀಟಿ ಅಂಟಿಸುವವರು ಇದೇ ಮಾರುಕಟ್ಟೆಯ ಖರೀದಿದಾರರೇ. ಅವರ ಕಣ್ಣಿನಲ್ಲಿ ಪಕ್ಷಪಾತ ಇದೆ ಅನ್ನುವುದು ಮೇಲಿನವರ ದೂರು. ಆ ಪಕ್ಷಪಾತವನ್ನೇ ಯಂತ್ರ ಕಲಿಯುತ್ತದೆ, ಈ ಸಲ ಕಂಪ್ಯೂಟರ್ ಹೇಳಿದ್ದು ಅನ್ನುವ ಮುದ್ರೆಯೂ ಬೀಳುತ್ತದೆ. 2018ರಲ್ಲಿ ಸಂಶೋಧಕರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮೂರು ಕಂಪನಿಗಳ ಮುಖ ನೋಡುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಗಂಡೋ ಹೆಣ್ಣೋ ಹೇಳುವುದಷ್ಟೇ ಕೆಲಸ. ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8. ಕಪ್ಪು ಮೈಬಣ್ಣದ ಹೆಂಗಸರಲ್ಲಿ ಶೇ 34.7ರ ತನಕ. ಕಲಿಕೆಗೆ ಕೊಟ್ಟ ಫೋಟೋಗಳಲ್ಲಿ ಯಾರು ಕಡಿಮೆ ಇರುತ್ತಾರೋ ಅವರ ಪಾಲಿಗೆ ಯಂತ್ರ ಕುರುಡಾಗುತ್ತದೆ. ನಮ್ಮಲ್ಲಿ ಹಾಗೆ ಕಡಿಮೆ ಬೀಳುವ ಫೋಟೋ ಯಾರ ಲಾಟ್‌ನದ್ದು? ಎರಡು ಎಕರೆಯ ಆ ಹೆಣ್ಣುಮಗಳದ್ದೇ.

ಯಂತ್ರ ಏನನ್ನು ನೋಡಿ ಕಲಿಯಿತು ಅನ್ನುವುದೂ ಹೊರಗಿನಿಂದ ತಿಳಿಯುವುದಿಲ್ಲ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬೇಕೆಂದೇ ಒಂದು ಪ್ರಯೋಗ ಮಾಡಿದರು. ತೋಳದ ಫೋಟೋಗಳಲ್ಲೆಲ್ಲ ಹಿಮ ಇರುವಂತೆ, ಹಸ್ಕಿ ನಾಯಿಯ ಫೋಟೋಗಳಲ್ಲಿ ಇಲ್ಲದಂತೆ ಆರಿಸಿ ಕಲಿಸಿದರು. ಯಂತ್ರ ಪ್ರಾಣಿಯನ್ನು ಬಿಟ್ಟು ಹಿಂದಿನ ಹಿಮವನ್ನು ನೋಡಿ ತೋಳ ಅನ್ನುತ್ತಿತ್ತು. ಬ್ಯಾಡಗಿಯಲ್ಲಿ ಒಳ್ಳೆಯ ಮಾಲಿನ ಫೋಟೋಗಳೆಲ್ಲ ನೀಲಿ ತಾಡಪತ್ರಿಯ ಮೇಲೆ ತೆಗೆದವಾದರೆ? ತಗಡಿನ ಶೆಡ್ಡಿನ ನೆರಳಿಗೂ ಬಯಲ ಬಿಸಿಲಿಗೂ ಕೆಂಪು ಎಷ್ಟು ಬದಲಾಗುತ್ತದೆ ಅಂತ ಯಾರು ಬೇಕಾದರೂ ಫೋನ್ ಹಿಡಿದು ನೋಡಬಹುದು. ಅಷ್ಟರ ಮೇಲೆ 5531, 2043 ನಂಬರಿನ ಹೈಬ್ರಿಡ್ ತಳಿಗಳು ಬಂದಿವೆ, ನಾಳೆ ಇನ್ನೊಂದು ಬರುತ್ತದೆ. ಹೋದ ವರ್ಷದ ಕಾಯಿಯಿಂದ ಕಲಿತದ್ದು ಈ ವರ್ಷದ ತಳಿಗೆ ಏನು ಹೇಳುತ್ತದೋ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿರುವುದು ಬೇರೆ. ಇವತ್ತು ದರ ಕಡಿಮೆ ಬಂದರೆ ರೈತ ಅಂಗಡಿಯಲ್ಲೇ ಕೇಳುತ್ತಾನೆ:

“ಸಾವ್ಕಾರ್ರ, ಯಾಕ್ರಿ ಇಷ್ಟ ಕಡಿಮಿ ಹಾಕೀರಿ?”

“ಯಜಮಾನ್ರ, ನೀವ ಮುರದ ನೋಡ್ರಿ. ಒಳಗ ಹಸಿ ಐತಿ.”

ಇಬ್ಬರೂ ಮುರಿದು ನೋಡುತ್ತಾರೆ. ಜಗಳವಾದರೂ ಕಾಯಿ ಇಬ್ಬರ ನಡುವೆ ಇರುತ್ತದೆ. ಇನ್ನೊಬ್ಬ ಖರೀದಿದಾರ ಬಂದು ಬೇರೆ ದರ ಹೇಳಲೂಬಹುದು, ಯಾಕಂದರೆ ಅವನಿಗೆ ಬೇಕಾದ್ದೇ ಬೇರೆ. ಎಣ್ಣೆ ಕಾರ್ಖಾನೆಯವರು ಬಣ್ಣ ಕೇಳುತ್ತಾರೆ. ಮಸಾಲೆಯವರಿಗೆ ರೂಪ, ವಾಸನೆ ಎರಡೂ ಬೇಕು. ಮನೆಬಳಕೆಗೆ ಡಬ್ಬಿ ಹುಡುಕುವವರೂ ಇದ್ದಾರೆ. ಇಷ್ಟು ಕಣ್ಣುಗಳು ಬೇರೆ ಬೇರೆ ಥರ ನೋಡುವುದರಿಂದಲೇ ಟೆಂಡರ್‌ನಲ್ಲಿ ಪೈಪೋಟಿ ಹುಟ್ಟುತ್ತದೆ. ಪರದೆಯ ಮೇಲೆ ಮೊದಲೇ “ಬಿ ದರ್ಜೆ” ಅಂತ ಬಂದರೆ ಎಲ್ಲರೂ ಅದಕ್ಕೇ ಅಂಟಿಕೊಂಡು ದರ ಹಾಕುತ್ತಾರೆ. ಯಾಕೆ ಬಿ ಅಂತ ರೈತ ಯಾರನ್ನು ಕೇಳಬೇಕು? ತಂತ್ರಾಂಶದ ಮಾಲೀಕರು ಯಾರು? ನಾಳೆ ದೊಡ್ಡ ಖರೀದಿದಾರರೇ ಅದನ್ನು ಕೊಂಡರೆ?

ರೈತನಿಗೆ ಲಾರಿ ಹತ್ತಿಸುವ ಮೊದಲೇ ಮಾಹಿತಿ ಬೇಕು ಅನ್ನುವುದು ಪರದವರ ಮಾತಿನಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಭಾಗ. ಅದಕ್ಕೆ ದಾರಿ ಇದೆ. ಎಪಿಎಂಸಿ ಪ್ರತಿ ಅಂಗಡಿ ಸಾಲಿಗೆ ತೇವಾಂಶ ಮೀಟರ್ ಇಡಲಿ. ಅದು ಅಲ್ಲೇ ನಿಂತ ಹಾಗೆ ಅಂಕಿ ತೋರಿಸುತ್ತದೆ. ಬಣ್ಣದ ಲ್ಯಾಬ್ ಪರೀಕ್ಷೆಗೆ ರಾತ್ರಿಯಿಡೀ ಬೇಕು, ಹಾಗಾಗಿ ಊರಿನಿಂದಲೇ ಮೊದಲು ಕಾಲು ಕಿಲೋ ಸ್ಯಾಂಪಲ್ ಕಳಿಸುವ ವ್ಯವಸ್ಥೆಯಾಗಲಿ. ಫಲಿತಾಂಶ ರೈತನ ಫೋನಿಗೆ ಬರಲಿ, ತೋರಿಸುವುದು ಬಿಡುವುದು ಅವನಿಷ್ಟ. ಕ್ಯಾಮೆರಾ ಬೇಕೇ ಬೇಕು ಅನ್ನುವವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರನ್ನು ಕೂರಿಸಿಕೊಂಡು ಎರಡು ಸುಗ್ಗಿ ಪರೀಕ್ಷೆ ಮಾಡಲಿ. ಯಂತ್ರ ಹೇಳಿದ್ದೇನು, ಲ್ಯಾಬ್ ಹೇಳಿದ್ದೇನು, ಯಾವ ತಾಲ್ಲೂಕಿನ ಯಾವ ತಳಿಯಲ್ಲಿ ಎಷ್ಟು ತಪ್ಪಿತು ಅನ್ನುವ ಪಟ್ಟಿಯನ್ನು ಮಾರುಕಟ್ಟೆಯ ಗೋಡೆಗೆ ಹಚ್ಚಲಿ. ಅಲ್ಲಿಯ ತನಕ ಆ ದರ್ಜೆ ಟೆಂಡರ್ ಪರದೆಯ ಮೇಲೆ ಬರಬಾರದು.