ದೊಡ್ಡಮ್ಮನ ಸೋಬಾನೆ ಪದಗಳು ಮತ್ತು ಎರಡು ತುದಿಯ ಪೆನ್ ಡ್ರೈವ್

ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ದೊಡ್ಡಮ್ಮ ಹೇಳುವ ಸೋಬಾನೆ ಪದಗಳನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ. ಒಂದೂವರೆ ಗಂಟೆ ಅವರು ಎಲ್ಲಿಯೂ ತಡವರಿಸದೆ ಹಾಡಿದರು. ಆ ಒಂದೇ ಫೈಲ್ 11 ಜಿಬಿ ಆಯಿತು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೈಲಿಗೆ 2 ಜಿಬಿಯ ಮಿತಿ ಇದೆ. ಅದಕ್ಕಿಂತ ಚಿಕ್ಕದಾಗಿದ್ದರೂ ಮಾಮೂಲಿ ವಿಡಿಯೊ ಎಂದು ಕಳಿಸಿದರೆ ಅದನ್ನು ಕುಗ್ಗಿಸಿಯೇ ಕಳಿಸುತ್ತದೆ. ನೆಟ್‌ನಲ್ಲಿ ಎಲ್ಲಿಯಾದರೂ ಹಾಕಿಡೋಣವೆಂದರೆ, ಸಿಗ್ನಲ್ಲಿಗಾಗಿ ಅಂಗಳದ ತುದಿಗೆ ಹೋಗಿ ನಿಲ್ಲಬೇಕಾದ ಮನೆ ನಮ್ಮದು. ಇಂಥ ಮನೆಗಳಿಗೆ ಒಂದು ಕಡೆ ಫೋನಿಗೆ ಚುಚ್ಚುವ ಟೈಪ್-ಸಿ, ಇನ್ನೊಂದು ಕಡೆ ಕಂಪ್ಯೂಟರಿಗೆ ಚುಚ್ಚುವ ಮಾಮೂಲಿ ಯುಎಸ್‌ಬಿ ಇರುವ ಪೆನ್ ಡ್ರೈವ್‌ಗಿಂತ ನಂಬಿಕಸ್ಥ ದಾರಿ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ಅದನ್ನು ಚುಚ್ಚಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಕೆಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ, ಅಂದರೆ ಪೆನ್ ಡ್ರೈವ್‌ನಂಥವನ್ನು ಫೋನಿಗೇ ಜೋಡಿಸುವ ಸೌಲಭ್ಯವನ್ನು, ಆನ್ ಮಾಡಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿಯೇ ಆಫ್ ಆಗುತ್ತದೆ. ನನ್ನ 64 ಜಿಬಿ ಡ್ರೈವ್ ಹೆಚ್ಚುಕಡಿಮೆ ಖಾಲಿಯೇ ಇದ್ದರೂ ದೊಡ್ಡಮ್ಮನ ವಿಡಿಯೊ ಅದರೊಳಗೆ ಹೋಗಲೇ ಇಲ್ಲ. ಡ್ರೈವ್‌ನೊಳಗೆ ಫೈಲ್‌ಗಳನ್ನು ಜೋಡಿಸಿಡುವ ಮಾದರಿಗಳು ಹಲವಿವೆ, ನನ್ನದು ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಆ ಮಾದರಿಯಲ್ಲಿ 4 ಜಿಬಿ ಮುಟ್ಟಿದ ಯಾವ ಫೈಲಿಗೂ ಜಾಗವಿಲ್ಲ. ಎನ್‌ಟಿಎಫ್‌ಎಸ್ ಎಂಬ ಮಾದರಿಗೆ ಬದಲಿಸಿದರೆ ವಿಂಡೋಸ್ ಓದುತ್ತದೆ, ಆದರೆ ಅನೇಕ ಆಂಡ್ರಾಯ್ಡ್ ಫೋನ್‌ಗಳು ಓದುವುದಿಲ್ಲ. ಎರಡೂ ಕಡೆ ನಡೆಯುವುದು ಎಕ್ಸ್‌ಫ್ಯಾಟ್ ಎಂಬ ಮಾದರಿ. ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಕೊಂಡ ದಿನವೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಇದಕ್ಕೂ ಹಿಂದೆ ನನಗೊಂದು ದೊಡ್ಡ ನಷ್ಟವಾಗಿತ್ತು. ತಮ್ಮನ ಮಗನ ನಾಮಕರಣದ ಫೋಟೊಗಳನ್ನು ಕಾಪಿ ಮಾಡದೆ 'ಮೂವ್' ಎಂದು ಒತ್ತಿ ಡ್ರೈವ್‌ಗೆ ಹಾಕಿದ್ದೆ. ಪರದೆಯ ಮೇಲಿನ ಪಟ್ಟಿ ತುಂಬಿದ್ದನ್ನು ಕಂಡು, ಡ್ರೈವ್‌ನ ಪುಟ್ಟ ನೀಲಿ ದೀಪ ಇನ್ನೂ ಮಿನುಗುತ್ತಿದ್ದಂತೆಯೇ ಎಳೆದುಬಿಟ್ಟೆ. ಕಂಪ್ಯೂಟರಿಗೆ ಚುಚ್ಚಿದರೆ, ಡ್ರೈವ್ ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಿತು. ಫೋನಿನಲ್ಲೂ ಫೋಟೊ ಇರಲಿಲ್ಲ, ಡ್ರೈವ್‌ನಲ್ಲೂ ಇರಲಿಲ್ಲ. ಪರದೆಯಲ್ಲಿ ಕೆಲಸ ಮುಗಿಯಿತೆಂದು ಕಂಡ ಮೇಲೂ ಕೊನೆಯ ಒಂದಷ್ಟು ಮಾಹಿತಿ ಫೋನಿನ ಮೆಮೊರಿಯಲ್ಲೇ ಸರದಿ ಕಾಯುತ್ತಿರುತ್ತದೆ. 'ಎಜೆಕ್ಟ್' ಒತ್ತಿದಾಗ ಅದೆಲ್ಲ ಡ್ರೈವ್‌ಗೆ ಬರೆದು ಮುಗಿಯುತ್ತದೆ. ಆ ಮಗುವಿನ ಕಿವಿಯಲ್ಲಿ ಅತ್ತೆ ಹೆಸರು ಹೇಳುತ್ತಿದ್ದ ಫೋಟೊ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಅಂದಿನಿಂದ ನಾನು ಕಾಪಿ ಮಾತ್ರ ಮಾಡುತ್ತೇನೆ, ಕಂಪ್ಯೂಟರಿನಲ್ಲಿ ಫೈಲ್ ತೆರೆದು, ನಡುವೆಯೂ ಕೊನೆಯಲ್ಲೂ ಓಡಿಸಿ ನೋಡಿದ ಮೇಲೆಯೇ ಫೋನಿನಿಂದ ಅಳಿಸುತ್ತೇನೆ.

ವೇಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹೆಚ್ಚು ವೇಗದ ಯುಎಸ್‌ಬಿ 3.0 ಡ್ರೈವ್ ಕೊಂಡರೂ ಫೋನಿನ ಪೋರ್ಟ್ ನಿಧಾನದ ಯುಎಸ್‌ಬಿ 2.0 ಆಗಿದ್ದರೆ ಅದರ ಮಿತಿಯಲ್ಲೇ ಫೈಲ್ ಹೋಗುತ್ತದೆ. ಎಚ್ಚರ ಬೇಕಾದುದು ಕೊಳ್ಳುವಾಗ. ಕೆಲವು ನೂರು ರೂಪಾಯಿಗೆ 2 ಟಿಬಿ (ಸುಮಾರು 2,000 ಜಿಬಿ) ಎಂದು ಮಾರುವ ಡ್ರೈವ್‌ಗಳು ನಕಲಿ. ಒಳಗಿನ ಚಿಪ್ ಚಿಕ್ಕದಾಗಿದ್ದು, ಅದು ತುಂಬಿದ ಮೇಲೆ ಹಾಕಿದ ಫೈಲ್‌ಗಳು ಹೆಸರಿಗೆ ಮಾತ್ರ ಕಾಣಿಸಿ ತೆರೆಯುವುದೇ ಇಲ್ಲ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಚುಚ್ಚಲು ನಾನು ಬೇರೆಯೇ ಒಂದು ಡ್ರೈವ್ ಇಟ್ಟುಕೊಂಡಿದ್ದೇನೆ, ಏಕೆಂದರೆ ಫೋಲ್ಡರುಗಳನ್ನೆಲ್ಲ ಮರೆಮಾಡಿ ಶಾರ್ಟ್‌ಕಟ್ ತೋರಿಸುವ ವೈರಸ್ ಅಲ್ಲಿಂದ ಒಮ್ಮೆ ನಮ್ಮ ಮನೆಗೆ ಬಂದಿತ್ತು.

ಫೋಟೊ, ವಿಡಿಯೊಗಳನ್ನು ಪೆನ್ ಡ್ರೈವ್‌ನಲ್ಲೇ ಹಾಕಿ ಕಪಾಟಿನಲ್ಲಿ ವರ್ಷಗಟ್ಟಲೆ ಇಡುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದರೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ನಿಂತಿರುವುದು ವಿದ್ಯುದಾವೇಶದ ರೂಪದಲ್ಲಿ, ಅದು ಕಾಲಕ್ರಮೇಣ ಸೋರಿಹೋಗುತ್ತದೆ. ದೊಡ್ಡಮ್ಮನ ಹಾಡು ಈಗ ನನ್ನ ಕಂಪ್ಯೂಟರಿನಲ್ಲೂ ತಮ್ಮನ ಮನೆಯ ಹಾರ್ಡ್ ಡಿಸ್ಕಿನಲ್ಲೂ ಇದೆ. ಡ್ರೈವ್ ಖಾಲಿ ಮಾಡಿ ಊರಿನ ಚೀಲದಲ್ಲಿ ಇಟ್ಟಿದ್ದೇನೆ. ಹಸೆ ಬರೆಯುವಾಗ ಹೇಳುವ ಪದಗಳು ಇನ್ನೂ ಬಾಕಿ ಇವೆಯೆಂದು ದೊಡ್ಡಮ್ಮ ಹೇಳಿದ್ದಾರೆ.