ಷಣ್ಮುಖನೂ ಕರ್ಣನೂ ನಮ್ಮ ಬೀರುವೂ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನಾದ್ದರಿಂದ ಆಯತಘನದೊಂದಿಗೆ ನನಗೆ ಸಲಿಗೆ ಹೆಚ್ಚು. ಅದಕ್ಕೆ ಮುಖಗಳು ಆರು, ಅಂಚುಗಳು ಹನ್ನೆರಡು, ಶೃಂಗಗಳು ಎಂಟು ಎಂಬುದನ್ನು ಮಕ್ಕಳು ಪರೀಕ್ಷೆಯ ಹೊತ್ತಿಗೆ ಅದಲುಬದಲು ಮಾಡಿಬಿಡುತ್ತಿದ್ದುದರಿಂದ ನಾನೊಂದು ಉಪಾಯ ಹೂಡಿದ್ದೆ. ಷಣ್ಮುಖನಿಗೆ ಮುಖ ಆರು, ತೋಳು ಹನ್ನೆರಡು. ಪೆಟ್ಟಿಗೆಗೂ ಮುಖ ಆರು, ಅಂಚು ಹನ್ನೆರಡು. ಇನ್ನುಳಿದ ಎಂಟು ಮೂಲೆಗಳಲ್ಲಿ ಅಷ್ಟದಿಕ್ಪಾಲಕರನ್ನು ಕೂರಿಸಿಕೊಳ್ಳಿ ಎಂದು ಹೇಳಿಕೊಡುತ್ತಿದ್ದೆ. ಈ ಪಾಠ ಎಷ್ಟು ಚೆನ್ನಾಗಿ ನಾಟಿತೆಂದರೆ, ಒಬ್ಬ ಹುಡುಗ ಉತ್ತರಪತ್ರಿಕೆಯಲ್ಲಿ ಬೆಂಕಿಪೊಟ್ಟಣದ ಚಿತ್ರ ಬರೆದು, ಪಕ್ಕದಲ್ಲಿ ಒಂದು ನವಿಲನ್ನೂ ನಿಲ್ಲಿಸಿದ್ದ. ನವಿಲಿಗೆ ಅಂಕ ಕೊಡಲು ಮಾದರಿ ಉತ್ತರದಲ್ಲಿ ಅವಕಾಶವಿರಲಿಲ್ಲ. ಅರ್ಧ ಅಂಕವನ್ನಾದರೂ ಕೊಡಬೇಕಿತ್ತೆಂದು ಈಗ ಅನ್ನಿಸುತ್ತದೆ.

ಕಪ್ಪುಹಲಗೆಯ ಮೇಲಿನ ಪೆಟ್ಟಿಗೆಗೆ ತೂಕವೂ ಇಲ್ಲ, ಚೂಪು ಮೂಲೆಯೂ ಇಲ್ಲ, ಅದನ್ನು ಡಸ್ಟರಿನಿಂದ ಒರೆಸಿ ಮನೆಗೆ ಹೋಗಬಹುದು. ನಿಜವಾದ ಪೆಟ್ಟಿಗೆಗಳು ಹಾಗಲ್ಲವೆಂಬುದು ನನಗೆ ಕಂತುಕಂತಾಗಿ ತಿಳಿಯಿತು. ಮೊಮ್ಮಗಳ ಐದನೆಯ ಹುಟ್ಟುಹಬ್ಬಕ್ಕೆ ಬಣ್ಣದ ಪೆನ್ಸಿಲುಗಳ ದೊಡ್ಡ ಡಬ್ಬಿಯೊಂದನ್ನು ತಂದಿದ್ದೆ. ಅದರ ಅಳತೆ 30, 20, 10 ಸೆಂಟಿಮೀಟರುಗಳೆಂದು ನೋಡಿದ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಎದುರುಬದುರಿನ ಮುಖಗಳು ಸಮವಾದ್ದರಿಂದ ಮೂರು ಗುಣಲಬ್ಧಗಳನ್ನು ಕೂಡಿಸಿ ಇಮ್ಮಡಿ ಮಾಡಿದರೆ ಪೂರ್ಣ ಮೇಲ್ಮೈ ವಿಸ್ತೀರ್ಣ 2200 ಚದರ ಸೆಂಟಿಮೀಟರು. ಹೊಳೆಯುವ ಬಣ್ಣದ ಕಾಗದವನ್ನು ಸ್ಕೇಲಿಟ್ಟು 55ಕ್ಕೆ 40ರಂತೆ, ಎಂದರೆ ಒಂದು ಚೂರೂ ಪೋಲಾಗದಂತೆ, ಕತ್ತರಿಸಿದೆ. ಸುತ್ತಿ ನೋಡಿದರೆ ಡಬ್ಬಿಯ ಬೆನ್ನಿನ ಮೇಲೆ ಐದು ಸೆಂಟಿಮೀಟರು ಅಗಲದ ಸೀಳು ಬಾಯಿಬಿಟ್ಟುಕೊಂಡು ನಗುತ್ತಿತ್ತು. ವಿಸ್ತೀರ್ಣವೇನೋ ಸರಿಯಾಗಿಯೇ ಇತ್ತು; ಆದರೆ ಡಬ್ಬಿಯ ನಡುವಿನ ಸುತ್ತಳತೆ 20, 10, 20, 10 ಸೇರಿ 60 ಆಗುತ್ತದೆ, ನನ್ನ ಕಾಗದ 55ಕ್ಕೇ ಕೈಚೆಲ್ಲಿತ್ತು. ಸಾಲದೆ ಬಿದ್ದ ಆ ಕಾಗದವೆಲ್ಲ ಎರಡು ತುದಿಗಳಲ್ಲಿ ಮಡಿಕೆಯ ಮೇಲೆ ಮಡಿಕೆಯಾಗಿ ಕೂತಿತ್ತು. ಮೇಲ್ಮೈಯನ್ನು ತುಂಡುತುಂಡು ಮಾಡಿ ಅಂಟಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತೆನ್ನಿ, ಉಡುಗೊರೆ ಸರಿಹೋಗುತ್ತಿರಲಿಲ್ಲ. ಕೊನೆಗೆ ಹಳೆಯ ಕ್ಯಾಲೆಂಡರಿನ ಪಟ್ಟಿಯೊಂದನ್ನು ಸೀಳಿನ ಮೇಲೆ ಅಂಟಿಸಿದೆ. ಮಗು ಅದನ್ನು ನೋಡಿ, "ತಾತ, ಡಬ್ಬಿಗೆ ಏಟಾಗಿದೆಯಾ?" ಎಂದು ಕೇಳಿತು.

ಇದಕ್ಕೂ ಬಹಳ ಹಿಂದೆ ಒಂದು ಕೊಡೆಯ ಪ್ರಸಂಗ ನಡೆದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಪರಸ್ಥಳಕ್ಕೆ ಹೊರಟಾಗ, ನಮ್ಮ ತಂದೆಯವರು ತಮ್ಮ ಮರದ ಹಿಡಿಯ ಕೊಡೆಯನ್ನು ಒಪ್ಪಿಸಿ, "ಬಸ್ಸಿನಲ್ಲಿ ಬಿಟ್ಟು ಬರಬೇಡ, ಟ್ರಂಕಿನೊಳಗೇ ಇಡು" ಎಂದು ಅಪ್ಪಣೆ ಮಾಡಿದ್ದರು. ಕೊಡೆಯ ಉದ್ದ 36 ಅಂಗುಲ; ಟ್ರಂಕು 30 ಅಂಗುಲ ಉದ್ದ, 18 ಅಗಲ, 12 ಎತ್ತರ. ಉದ್ದಕ್ಕೆ ಮಲಗಿಸಿದರೆ ಹಿಡಿಯಲಿಲ್ಲ. ತಳದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿಟ್ಟರೆ 35 ಅಂಗುಲದ ಜಾಗವಿತ್ತು, ಆಗಲೂ ಹಿಡಿಯಲಿಲ್ಲ. ಆಗ ನನಗೆ ಹೊಳೆಯಿತು. ತಳದ ಒಂದು ಮೂಲೆಯಿಂದ ಮುಚ್ಚಳದ ಎದುರು ಮೂಲೆಗೆ ಇರುವ ದೂರಕ್ಕೆ ಮೂರು ಅಳತೆಗಳ ವರ್ಗಗಳನ್ನೂ ಕೂಡಿಸಬೇಕು. ಮೊತ್ತ 1368, ಅದರ ವರ್ಗಮೂಲ ಹೆಚ್ಚುಕಡಿಮೆ 37. ಕೊಡೆ ಲಕ್ಷಣವಾಗಿ ಹಿಡಿಸಿತು. ಕೊಡೆಯ ಹೊರತು ಬೇರೇನೂ ಹಿಡಿಸಲಿಲ್ಲ, ಏಕೆಂದರೆ ಹಾಗೆ ಓರೆಯಾಗಿ ನಿಂತದ್ದು ಟ್ರಂಕಿನ ನಟ್ಟನಡುವೆ ಹಾದುಹೋಗುತ್ತದೆ. ಮಡಿಸಿಟ್ಟ ಪಂಚೆ, ಅಂಗಿಗಳನ್ನೆಲ್ಲ ಅದು ಈ ಕಡೆಯವು, ಆ ಕಡೆಯವು ಎಂದು ಪಾಲು ಮಾಡಿತು. ಹದಿನೈದು ದಿನ ನಾನು ಎಡಗಡೆಯ ಪಾಲಿಗೆ ಬಂದ ಎರಡು ಅಂಗಿಗಳಲ್ಲೇ ಮೌಲ್ಯಮಾಪನ ನಡೆಸಿದೆ. ಮಳೆ ಬರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಓರೆ ಅಳತೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಇರುವ ಹೆಸರು ಕರ್ಣ. ಲಂಬಕೋನ ತ್ರಿಭುಜದಲ್ಲಿ ಅವನನ್ನು ವಿಕರ್ಣನೆಂದೂ ಚತುರ್ಭುಜಕ್ಕೆ ಬಂದ ಕೂಡಲೇ ಕರ್ಣನೆಂದೂ ಕರೆಯುತ್ತೇವೆ. ಭಾರತದ ಕಥೆ ಬಲ್ಲವರಿಗೆ ಗೊತ್ತಿರುವಂತೆ ಇಬ್ಬರೂ ಯುದ್ಧದಲ್ಲಿ ನಿಂತದ್ದು ಕೌರವರ ಕಡೆಗೆ. ಉದ್ದ, ಅಗಲ, ಎತ್ತರ ಎಂಬ ಮೂವರು ಮನೆಯಲ್ಲೇ ಬೆಳೆದ ಮಕ್ಕಳು, ಟೇಪು ಹಿಡಿದವರೆಲ್ಲ ಅವರನ್ನು ಮಾತನಾಡಿಸುತ್ತಾರೆ. ಕರ್ಣ ಮೂವರಿಗಿಂತಲೂ ದೊಡ್ಡವನು, ಆದರೆ ಅವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಅಂಗಡಿಯವರು ಕೊಡುವ ಚೀಟಿಯಲ್ಲಿ ಮೂರೇ ಸಂಖ್ಯೆಗಳಿರುತ್ತವೆ, ನಾಲ್ಕನೆಯದು ಇರುವುದಿಲ್ಲ. ಅವನು ಯಾರೆಂಬುದು ಗೊತ್ತಾಗುವ ಹೊತ್ತಿಗೆ ಯುದ್ಧ ಮುಗಿದಿರುತ್ತದೆ.

ಇದರಲ್ಲಿ ನಮ್ಮಂಥ ಮೇಷ್ಟ್ರುಗಳ ತಪ್ಪೂ ಇದೆ. ಪರೀಕ್ಷೆಯಲ್ಲಿ ನಾವು ಕೊಡುವ ಪೆಟ್ಟಿಗೆ ಯಾವಾಗಲೂ 3, 4, 12ರದು. ಅದರ ಕರ್ಣ ತಲೆತಗ್ಗಿಸಿಕೊಂಡು 13 ಎಂದು ಬಂದು ನಿಲ್ಲುತ್ತದೆ. ಅಂಥ ಗುಣವಂತ ಪೆಟ್ಟಿಗೆಯನ್ನು ನಾನು ಯಾವ ಅಂಗಡಿಯಲ್ಲಿಯೂ ಕಂಡಿಲ್ಲ. ಜರ್ಮನಿಯ ಪಾಲ್ ಹಾಲ್ಕೆ ಎಂಬಾತ 1719ರಲ್ಲಿ 44, 117, 240 ಅಳತೆಯ ಆಯತಘನವೊಂದನ್ನು ಕಂಡುಹಿಡಿದ. ಅದರ ಮೂರು ಬಗೆಯ ಮುಖಗಳ ಕರ್ಣಗಳೂ 125, 244, 267 ಎಂಬ ಪೂರ್ಣಾಂಕಗಳೇ. ಆದರೆ ಒಳಗಿನ ದೊಡ್ಡ ಕರ್ಣ ಮಾತ್ರ ಸುಮಾರು 270.6 ಎಂದು ಮೊಂಡು ಹಿಡಿಯುತ್ತದೆ. ಅದೂ ಪೂರ್ಣಾಂಕವಾಗಿರುವಂಥ ಪೆಟ್ಟಿಗೆ ಇದೆಯೋ ಇಲ್ಲವೋ ಎಂಬುದನ್ನು ಜಗತ್ತಿನ ಗಣಿತಜ್ಞರು ಇಂದಿಗೂ ತೀರ್ಮಾನಿಸಲಾಗಿಲ್ಲ. ಸಂಧಾನಕ್ಕೆ ಕರ್ಣ ಒಪ್ಪುವವನಲ್ಲವೆಂಬುದು ಹೊಸ ವಿಷಯವೂ ಅಲ್ಲ.

ಇಷ್ಟೆಲ್ಲ ತಿಳಿದಿದ್ದೂ ನಾನು ಬೀರುವಿನ ವಿಷಯದಲ್ಲಿ ಅವನನ್ನು ಮರೆತೆ.

ನಿವೃತ್ತಿಯ ನಂತರ ನಾವು ಮೈಸೂರಿನಲ್ಲಿ ಬಾಡಿಗೆಯ ನೆಲಮನೆಯಿಂದ ಎರಡನೆಯ ಮಹಡಿಯ ಸ್ವಂತ ಮನೆಗೆ ಹೋದೆವು. ಸಾಮಾನುಗಳಲ್ಲಿ ಮುಖ್ಯವಾದದ್ದು ನನ್ನ ಮನೆಯಾಕೆಯ ತವರಿನವರು ಮದುವೆಯಲ್ಲಿ ಕೊಟ್ಟ ಉಕ್ಕಿನ ಬೀರು. ತವರಿನ ಬೀರುವಿನ ಮೇಲೆ ಒಂದು ಗೀರು ಬಿದ್ದರೆ ಅದರ ಪರಿಣಾಮ ಯಾವ ಸೂತ್ರಕ್ಕೂ ನಿಲುಕುವಂಥದ್ದಲ್ಲವಾದ್ದರಿಂದ, ನಾನು ಒಂದು ವಾರ ಮೊದಲೇ ಟೇಪು ಹಿಡಿದು ಹೊರಟೆ. ಬೀರು 78 ಅಂಗುಲ ಎತ್ತರ, 36 ಅಗಲ, 19 ದಪ್ಪ. ಅದು ನಿಲ್ಲಬೇಕಾದ ಜಾಗ ಮಲಗುವ ಕೋಣೆಯ ಗೋಡೆಯ ಬದಿ. ಅಲ್ಲಿ ಮೇಲ್ಗಡೆ ಎರಡೂವರೆ ಅಡಿ ಅಗಲದ ಸಜ್ಜಾ ಚಾಚಿಕೊಂಡಿತ್ತು. ನೆಲದಿಂದ ಅದರ ತಳಕ್ಕೆ 80 ಅಂಗುಲ. ಎಂಬತ್ತರಲ್ಲಿ ಎಪ್ಪತ್ತೆಂಟು ಹೋದರೆ ಎರಡು. "ಗಾಳಿಯಾಡುವುದಕ್ಕೂ ಜಾಗವಿದೆ" ಎಂದು ಮನೆಯಾಕೆಗೆ ವರದಿ ಒಪ್ಪಿಸಿದೆ. ಆಕೆ, "ಸರಿಯಾಗಿ ನೋಡಿದ್ದೀರಿ ತಾನೇ?" ಎಂದರು. ಆ ಪ್ರಶ್ನೆಯನ್ನು ನಾನು ಆಗ ಅವಮಾನವೆಂದು ಭಾವಿಸಿದೆ.

ಸಾಗಿಸುವ ದಿನ ನಾಲ್ವರು ಹಮಾಲರು ಬಂದರು. ಅವರ ಹಿರಿಯನಿಗೆ ನನ್ನಷ್ಟೇ ವಯಸ್ಸು. ಆತ ಬೀರುವನ್ನು ಒಮ್ಮೆ ಸುತ್ತುಹಾಕಿ ನೋಡಿ, ಹೆಗಲ ಟವೆಲನ್ನು ಕೊಡವಿಕೊಂಡು, ಏನೂ ಮಾತನಾಡದೆ ಎತ್ತಲು ಹೇಳಿದ. ಮಲಗಿಸಿ ಹೊತ್ತ ಬೀರು ಮೆಟ್ಟಿಲಿನ ತಿರುವಿಗೆ ಬಂದಾಗ ನನ್ನಲ್ಲಿ ಉತ್ಸಾಹ ಉಕ್ಕಿತು, ಏಕೆಂದರೆ ಅದು ನನಗೆ ಗೊತ್ತಿದ್ದ ಲೆಕ್ಕ. ಲಿಯೋ ಮೋಸರ್ ಎಂಬ ಗಣಿತಜ್ಞರು 1966ರಲ್ಲಿ ಒಂದು ಪ್ರಶ್ನೆ ಕೇಳಿದರು: ಒಂದು ಮೀಟರು ಅಗಲದ, ಲಂಬಕೋನದಲ್ಲಿ ತಿರುಗುವ ಓಣಿಯಲ್ಲಿ, ಎತ್ತದೆ ಓರೆಮಾಡದೆ ನೆಲದ ಮೇಲೇ ಸಾಗಿಸಬಹುದಾದ ಅತಿ ದೊಡ್ಡ ಸೋಫಾ ಎಷ್ಟಿರಬಹುದು? 1992ರಲ್ಲಿ ಗರ್ವರ್ ಎಂಬುವರು ಹಳೆಯ ಟೆಲಿಫೋನಿನ ರಿಸೀವರನ್ನು ಹೋಲುವ, 2.2195 ಚದರ ಮೀಟರಿನ ಆಕಾರವೊಂದನ್ನು ತೋರಿಸಿದರು. ಅದಕ್ಕಿಂತ ದೊಡ್ಡದು ಸಾಧ್ಯವಿಲ್ಲವೆಂಬ ಸಾಧನೆಯನ್ನು ಕೊರಿಯದ ಗಣಿತಜ್ಞರೊಬ್ಬರು ಮಂಡಿಸಿದ್ದು 2024ರಲ್ಲಿ. ಆಯತಕ್ಕಾದರೆ ಲೆಕ್ಕ ಸುಲಭ. ನಮ್ಮ ಮೆಟ್ಟಿಲಿನಂತೆ 36 ಅಂಗುಲ ಅಗಲದ ದಾರಿಯಲ್ಲಿ 19 ಅಂಗುಲ ದಪ್ಪದ ವಸ್ತು ತಿರುಗಬೇಕಾದರೆ ಅದರ ಉದ್ದ 64 ಅಂಗುಲಕ್ಕಿಂತ ಹೆಚ್ಚೇನೂ ಇರುವಂತಿಲ್ಲ. ಮಲಗಿದ ಬೀರು 78 ಇರುವುದರಿಂದ ತಿರುಗಲಾರದು. ಇದನ್ನೆಲ್ಲ ನಾನು ಆ ನಾಲ್ವರಿಗೆ 1966ರಿಂದ ಆರಂಭಿಸಿ ವಿವರಿಸತೊಡಗಿದೆ. ಬೀರು ಅವರ ಹೆಗಲ ಮೇಲೆಯೇ ಇತ್ತು. 1992ರ ಹೊತ್ತಿಗೆ ಹಿರಿಯ, "ಮೇಷ್ಟ್ರೇ, ಒಂದು ನಿಮಿಷ ಇಳಿಸಿಬಿಡ್ತೀವಿ, ಆಮೇಲೆ ಹೇಳೋರಂತೆ" ಎಂದು, ಬೀರುವನ್ನು ತಿರುವಿನ ಚೌಕದಲ್ಲಿ ನೆಟ್ಟಗೆ ನಿಲ್ಲಿಸಿ, ಅಲ್ಲೇ ತಿರುಗಿಸಿ, ಮತ್ತೆ ಮಲಗಿಸಿಕೊಂಡು ಮೇಲಕ್ಕೆ ಹೋಗಿಬಿಟ್ಟ. 2024ರ ಭಾಗವನ್ನು ನಾನು ಖಾಲಿ ಮೆಟ್ಟಿಲುಗಳಿಗೆ ಹೇಳಿ ಮುಗಿಸಿದೆ.

ಕೋಣೆಯಲ್ಲಿ ಅವರು ಬೀರುವನ್ನು ನಡುಮಧ್ಯೆ ನಿಲ್ಲಿಸಿ, ಆಮೇಲೆ ಗೋಡೆಗೆ ಸರಿಸಲು ಹೊರಟಿದ್ದರು. ನಾನು ತಡೆದೆ. ನಿಂತ ಬೀರುವನ್ನು ಎಳೆದರೆ ಹೊಸ ನೆಲದ ಟೈಲ್ಸಿಗೆ ಗೀರು ಬೀಳುತ್ತದೆಯೆಂಬುದು ನನ್ನ ವಾದ. ಬೀರುವಿನ ಮೇಲಿನ ಗೀರನ್ನು ತಪ್ಪಿಸಲು ಹೊರಟವನು ನೆಲದ ಗೀರಿನ ಚಿಂತೆಗೆ ಬಿದ್ದಿದ್ದೆ. ಬದಲಿಗೆ, ಕನ್ನಡಿಯ ಬಾಗಿಲಿನ ಕೆಳಗೆ ಕಂಬಳಿ ಹಾಸಿ ಬೋರಲಾಗಿ ಮಲಗಿಸಿ, ಕಾಲುಗಳನ್ನು ಗೋಡೆಯ ಕಡೆಗಿಟ್ಟು, ಸಜ್ಜಾದ ಅಡಿಯಲ್ಲೇ ನೇರವಾಗಿ ಎಬ್ಬಿಸಿ ನಿಲ್ಲಿಸಬೇಕೆಂದು ಆಜ್ಞೆ ಮಾಡಿದೆ. ಹಿರಿಯ ಒಮ್ಮೆ ಸಜ್ಜಾವನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಅಳತೆ ಮಾಡಿದ್ದೇನೆ, ಎರಡು ಅಂಗುಲ ಉಳಿಯುತ್ತದೆ" ಎಂದೆ. ಬೀರು ಏಳತೊಡಗಿತು. ನೆಟ್ಟಗೆ ನಿಲ್ಲಲು ಇನ್ನೇನು ಹದಿನೆಂಟು ಡಿಗ್ರಿ ಉಳಿದಿದೆಯೆನ್ನುವಾಗ ಮೇಲಿನ ಹಿಂಬದಿಯ ಅಂಚು ಸಜ್ಜಾದ ತಳಕ್ಕೆ ಕಚ್ಚಿಕೊಂಡು, ಹಿಂದಿನ ವಾರವಷ್ಟೇ ಸುಣ್ಣಬಣ್ಣ ಕಂಡಿದ್ದ ಗಾರೆ ನನ್ನ ತಲೆಯ ಮೇಲೆ ಅಕ್ಷತೆಯಂತೆ ಉದುರಿತು. "ಇನ್ನೂ ಸ್ವಲ್ಪ ತಳ್ಳಿ" ಎಂದು ಕೂಗಿದವನೂ ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತಳ್ಳಿದರು. ಇನ್ನಷ್ಟು ಅಕ್ಷತೆ ಬಿತ್ತು.

ಬೀರುವನ್ನು ಮತ್ತೆ ಕಂಬಳಿಯ ಮೇಲೆ ಮಲಗಿಸಿದ ಮೇಲೆ ಹಿರಿಯ ತನ್ನ ಹಗ್ಗವನ್ನು ತೆಗೆದು, ಬೀರುವಿನ ಪಕ್ಕದ ಮೈಯ ಮೇಲೆ ಕೆಳಮೂಲೆಯಿಂದ ಎದುರಿನ ಮೇಲುಮೂಲೆಗೆ ಬಿಗಿಯಾಗಿ ಎಳೆದು, ಅಲ್ಲಿಗೆ ಬೆರಳಿಟ್ಟು, ಆ ಹಗ್ಗವನ್ನೇ ನೆಲದಿಂದ ಸಜ್ಜಾಕ್ಕೆ ಹಿಡಿದು ತೋರಿಸಿದ. ಬೆರಳು ಸಜ್ಜಾಕ್ಕೆ ತಾಗಿ ಮಡಿಚಿಕೊಂಡಿತು. "ನಿಲ್ಲೋಕೆ ಬೇಕಾದ ಜಾಗ ಬೇರೆ ಮೇಷ್ಟ್ರೇ, ಎದ್ದೇಳೋಕೆ ಬೇಕಾದ ಜಾಗ ಬೇರೆ. ನಮ್ಮ ಮಂಡಿ ಕಥೆನೂ ಹಂಗೇ ಅಲ್ವಾ?" ಎಂದ. ನಾನು ಮೂಲೆಯಲ್ಲಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 78ರ ವರ್ಗ 6084, 19ರ ವರ್ಗ 361, ಕೂಡಿದರೆ 6445; ವರ್ಗಮೂಲ 80.28. ಕಾಲು ಅಂಗುಲಕ್ಕಿಂತ ಒಂದು ಎಳೆ ಹೆಚ್ಚು. ಶುಲ್ಬವೆಂದರೆ ಹಗ್ಗ, ಆಯತದ ಓರೆಗೆ ಎಳೆದ ಹಗ್ಗವು ಅದರ ಎರಡು ಬಾಹುಗಳು ಬೇರೆಬೇರೆಯಾಗಿ ಉಂಟುಮಾಡುವುದನ್ನು ತಾನೊಂದೇ ಉಂಟುಮಾಡುತ್ತದೆಯೆಂದು ಬೋಧಾಯನ ಶುಲ್ಬಸೂತ್ರ ಹೇಳುತ್ತದೆಯೆಂಬುದನ್ನು ಪ್ರತಿವರ್ಷವೂ ಹೆಮ್ಮೆಯಿಂದ ಪಾಠ ಮಾಡಿದವನು ನಾನು. ಆದರೆ ಆ ಹಗ್ಗವನ್ನು ಕೈಯಲ್ಲಿ ಹಿಡಿದವನನ್ನು ಕಂಡದ್ದು ಅದೇ ಮೊದಲು.

ಮುಂದಿನ ಕೆಲಸ ಎಂಟು ನಿಮಿಷದ್ದು. ಸಜ್ಜಾ ಇಲ್ಲದ ನಡುಕೋಣೆಯಲ್ಲಿ ಬೀರುವನ್ನು ಎಬ್ಬಿಸಿ, ಕಾಲುಗಳ ಕೆಳಗೆ ಮಡಿಸಿದ ಗೋಣಿಚೀಲ ಕೊಟ್ಟು, ಗೋಡೆಗೆ ಸರಿಸಿದರು. ಟೈಲ್ಸಿಗೆ ಗೀರು ಬೀಳಲಿಲ್ಲ, ಬೀರುವಿಗೂ ಬೀಳಲಿಲ್ಲ. ಸಜ್ಜಾದ ತಳದಲ್ಲಿ ಮಾತ್ರ ಒಂದು ಮೊಳ ಉದ್ದದ ಗಾಯ ಉಳಿಯಿತು. ಗೃಹಪ್ರವೇಶಕ್ಕೆ ಬರಲಾಗದೆ ಆಮೇಲೆ ಬಂದುಹೋಗುವ ನೆಂಟರಿಗೆಲ್ಲ ಮನೆಯಾಕೆ ದೇವರಕೋಣೆಯಾದ ತಕ್ಷಣ ತೋರಿಸುವುದು ಅದನ್ನೇ. ಅಂದು ಸಂಜೆ ಆಕೆ ನನ್ನ ಕೈಯಿಂದ ಟೇಪನ್ನು ತೆಗೆದುಕೊಂಡು, "ಇದು ನನ್ನ ಹತ್ತಿರ ಇರಲಿ" ಎಂದು ಬೀರುವಿನ ಒಳಖಾನೆಯಲ್ಲಿಟ್ಟು ಬೀಗ ಹಾಕಿದರು.

ಅದಾದ ಮೇಲೆ ಮಂಚವನ್ನು ಜೋಡಿಸಿದೆವು. ಮಂಚವೂ ಅಳತೆಗೆ ಸರಿಯಾಗಿಯೇ ಕೂತಿತು. ಬೀರುವಿಗೂ ಮಂಚಕ್ಕೂ ನಡುವೆ ಒಂದು ಗೇಣು ಜಾಗವೂ ಉಳಿಯಿತು. ರಾತ್ರಿ ಹೊದಿಕೆ ತೆಗೆಯಲು ಹೋದಾಗ, ಹದಿನೆಂಟು ಅಂಗುಲದ ಬೀರುವಿನ ಬಾಗಿಲು ಒಂದು ಗೇಣಿನಲ್ಲಿ ತೆರೆಯುವುದಿಲ್ಲವೆಂಬುದು ಗೊತ್ತಾಯಿತು. ಮಂಚವನ್ನು ಆ ಕಡೆ ಸರಿಸಿದರೆ ಕೋಣೆಯ ಬಾಗಿಲು ಮುಚ್ಚುವುದಿಲ್ಲ, ಅಡ್ಡ ತಿರುಗಿಸಬೇಕಾದರೆ ಕೋಣೆಯ ಅಗಲವನ್ನೂ ಮಂಚದ ಕರ್ಣವನ್ನೂ ಅಳೆದು ನೋಡಬೇಕು, ಅಳೆಯಬೇಕಾದ ಟೇಪು ಬೀರುವಿನೊಳಗಿದೆ. ಹೊದಿಕೆಯಿಲ್ಲದೆ ಮಲಗಿ, ಬೆಳಗ್ಗೆ ಎದ್ದವನೇ ಆ ಹಿರಿಯನಿಗೆ ಫೋನು ಮಾಡಿ ಪರಿಸ್ಥಿತಿಯನ್ನು ವಿವರಿಸಿದೆ. ಆತ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, "ಹನ್ನೊಂದು ಗಂಟೆಗೆ ಬರ್ತೀನಿ ಮೇಷ್ಟ್ರೇ. ಅಲ್ಲೀವರೆಗೂ ದಯವಿಟ್ಟು ಏನನ್ನೂ ಅಳೀಬೇಡಿ" ಎಂದ.